ರಕ್ತನಾಳದ ದಾರಿ ಬೇರೆಯಾದರೆ ಅದು ರೋಗವೇ?

ಸ್ಕ್ಯಾನಿಂಗ್ ಕೇಂದ್ರದಿಂದ ತಂದ ವರದಿಯನ್ನು ಮನೆಯಲ್ಲಿ ಮೊದಲು ಬಿಚ್ಚಿ ಓದುವವರು ಇಂಗ್ಲಿಷ್ ಬಲ್ಲ ಮಕ್ಕಳು. ಅದರಲ್ಲಿ ‘ವೇರಿಯಂಟ್’, ‘ಅನಾಮಲಿ’, ‘ಆಕ್ಸೆಸರಿ’ ಎಂಬ ಪದ ಕಂಡರೆ ಸಾಕು, ಅಂದು ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಶಿರವಾಳದಂತಹ ಹಳ್ಳಿಗಳಿಂದ ಯಾದಗಿರಿಗೋ ಕಲಬುರಗಿಗೋ ಹೋಗಿ ಪರೀಕ್ಷೆ ಮಾಡಿಸಿ ಬಂದವರು ವೈದ್ಯರನ್ನು ಮತ್ತೆ ಕಾಣುವವರೆಗೂ ಭಯದಲ್ಲೇ ದಿನ ಕಳೆಯುತ್ತಾರೆ. ಆದರೆ ರಕ್ತನಾಳಗಳ ಬಗ್ಗೆ ಬರೆದ ಇಂತಹ ಪದಗಳು ಅನೇಕ ಸಲ ರೋಗದ ಹೆಸರುಗಳಲ್ಲ.

ನಾರಾಯಣಪುರ ಅಣೆಕಟ್ಟೆಯ ಎಡದಂಡೆ ಕಾಲುವೆ ನಮ್ಮ ಭಾಗದವರಿಗೆ ಹೊಸದಲ್ಲ. ಮುಖ್ಯ ಕಾಲುವೆಯಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ಒಂದು ಹೊಲಕ್ಕೆ ಒಂದೇ ಕಡೆಯಿಂದ ನೀರು ಬಂದರೆ ಪಕ್ಕದ ಹೊಲಕ್ಕೆ ಎರಡು ಕಡೆಯಿಂದ ಬರಬಹುದು. ಎರಡರಲ್ಲೂ ಬೆಳೆ ಬರುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿಯೂ ಅಂತಹ ಮುಖ್ಯ ಕಾಲುವೆಯೇ. ಎದೆಯಲ್ಲಿ ಅದು ಬಾಗುವ ಜಾಗದಿಂದ ತಲೆ ಮತ್ತು ಕೈಗಳ ಕಡೆಗೆ ಸಾಮಾನ್ಯವಾಗಿ 3 ಕವಲುಗಳು ಹೊರಡುತ್ತವೆ. ಕೆಲವರಲ್ಲಿ ಮೊದಲ ಎರಡು ಕವಲುಗಳು ಒಂದೇ ಬುಡದಿಂದ ಹುಟ್ಟುತ್ತವೆ. ವರದಿಯಲ್ಲಿ ಇದನ್ನು ‘ಬೋವೈನ್ ಆರ್ಚ್’ ಎಂದು ಬರೆಯುತ್ತಾರೆ. ‘ಬೋವೈನ್’ ಎಂದರೆ ದನದ್ದು ಎಂದರ್ಥ. ಆದರೆ ದನಗಳ ರಕ್ತನಾಳದ ರಚನೆ ನಿಜವಾಗಿ ಹೀಗಿಲ್ಲ. ಹೆಸರು ಕೇಳಿ ಹೆದರಬೇಕಾಗಿಲ್ಲ.

ಇನ್ನು ಸುಮಾರು 100 ಜನರಲ್ಲಿ ಒಬ್ಬರಿಗೆ ಬಲಗೈಯ ರಕ್ತನಾಳವು ಎಡಗಡೆಯಿಂದ ಹೊರಟು ಅನ್ನನಾಳದ ಹಿಂದಿನಿಂದ ಬಲಕ್ಕೆ ಹೋಗುತ್ತದೆ. ಹೆಚ್ಚಿನವರಿಗೆ ಇದು ಆಯುಷ್ಯವಿಡೀ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ ತುತ್ತು ನುಂಗಲು ಕಷ್ಟವಾಗುತ್ತದೆ. ಇಂಗ್ಲೆಂಡಿನ ವೈದ್ಯ ಡೇವಿಡ್ ಬೇಫರ್ಡ್ 1794ರಲ್ಲಿ ಪ್ರಕಟಿಸಿದ್ದು ಹೀಗೆ ನುಂಗಲಾಗದೆ ನರಳಿ ತೀರಿಕೊಂಡ ಒಬ್ಬ ಮಹಿಳೆಯ ವೃತ್ತಾಂತವನ್ನು. ಆ ಕಾಲದಲ್ಲಿ ಕಾರಣ ತಿಳಿದದ್ದು ಮರಣದ ನಂತರ. ಇಂದು ಸಿ.ಟಿ. ಆಂಜಿಯೋಗ್ರಾಮ್ ಬದುಕಿರುವಾಗಲೇ ತೋರಿಸಿಕೊಡುತ್ತದೆ.

ಮಹಿಳೆಯರು ವಿಶೇಷವಾಗಿ ತಿಳಿಯಬೇಕಾದ ಸಂಗತಿಗಳು ಎರಡು. ಮೊದಲನೆಯದು ಕಿಡ್ನಿ ದಾನ. ನಮ್ಮ ದೇಶದಲ್ಲಿ ಜೀವಂತವಿರುವಾಗ ಕಿಡ್ನಿ ಕೊಡುವವರಲ್ಲಿ ಬಹುಪಾಲು ತಾಯಂದಿರು, ಪತ್ನಿಯರು, ಸಹೋದರಿಯರು. ದಾನಕ್ಕೆ ಮುನ್ನ ಕಿಡ್ನಿಯ ರಕ್ತನಾಳಗಳನ್ನು ಸ್ಕ್ಯಾನ್ ಮಾಡುತ್ತಾರೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಿಡ್ನಿಗೆ ಒಂದಕ್ಕಿಂತ ಹೆಚ್ಚು ಅಪಧಮನಿಗಳಿರುತ್ತವೆ. ಇದಕ್ಕೆ ಕಾರಣ ಗರ್ಭದಲ್ಲೇ ಇದೆ. ಶಿಶುವಿನ ಕಿಡ್ನಿಗಳು ಮೊದಲು ಕೆಳಗೆ ಸೊಂಟದ ಕುಳಿಯಲ್ಲಿ ರೂಪುಗೊಂಡು ನಿಧಾನವಾಗಿ ಮೇಲೇರುತ್ತವೆ. ಏರಿದಂತೆ ಮೇಲಿನ ಹೊಸ ನಾಳಗಳು ಕೂಡಿಕೊಂಡು ಕೆಳಗಿನವು ಮಾಯವಾಗುತ್ತವೆ. ಮಾಯವಾಗದೆ ಉಳಿದದ್ದೇ ಹೆಚ್ಚಿನ ನಾಳ. ಅದರಿಂದ ಆ ತಾಯಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ, ಅದೊಂದೇ ಕಾರಣಕ್ಕೆ ದಾನಕ್ಕೆ ಅನರ್ಹಳೂ ಅಲ್ಲ. ಆದರೆ ಶಸ್ತ್ರಚಿಕಿತ್ಸಕರಿಗೆ ಇದು ಮೊದಲೇ ಗೊತ್ತಿರಬೇಕು. ಪ್ರತಿಯೊಂದು ನಾಳವೂ ಕಿಡ್ನಿಯ ತನ್ನದೇ ಪಾಲಿಗೆ ರಕ್ತ ಕೊಡುತ್ತದೆ. ಒಂದನ್ನು ಕಡಿದರೆ ಆ ಪಾಲು ಒಣಗಿದ ಹೊಲದಂತಾಗುತ್ತದೆ.

ಎರಡನೆಯದು ಗರ್ಭಿಣಿಯರ ಸ್ಕ್ಯಾನ್. ಹೊಕ್ಕುಳಬಳ್ಳಿಯಲ್ಲಿ ಸಾಮಾನ್ಯವಾಗಿ ಎರಡು ಅಪಧಮನಿ, ಒಂದು ಅಭಿಧಮನಿ ಇರುತ್ತವೆ. ಸುಮಾರು 100 ಗರ್ಭಗಳಲ್ಲಿ ಒಂದರಲ್ಲಿ ಅಪಧಮನಿ ಒಂದೇ ಇರುತ್ತದೆ. ಆಗ ವೈದ್ಯರು ಮಗುವಿನ ಹೃದಯ, ಕಿಡ್ನಿ, ಬೆಳವಣಿಗೆಯನ್ನು ಇನ್ನಷ್ಟು ಎಚ್ಚರದಿಂದ ನೋಡುತ್ತಾರೆ. ಬೇರೇನೂ ತೊಂದರೆ ಕಾಣದಿದ್ದರೆ ಇಂತಹ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸೊಸೆ ಏನೋ ತಿಂದಳು, ಎಲ್ಲೋ ಹೋದಳು, ಗ್ರಹಣ ನೋಡಿದಳು ಎಂದು ದೂರುವ ಅತ್ತೆಯಂದಿರು ಇದನ್ನು ನೆನಪಿಡಬೇಕು. ಆಕೆಗೆ ಆ ದಿನಗಳಲ್ಲಿ ಬೇಕಾದದ್ದು ಧೈರ್ಯ ಮತ್ತು ತಪ್ಪದೆ ಮುಂದಿನ ತಪಾಸಣೆ.

ಹಾಗೆಂದು ಎಲ್ಲ ವ್ಯತ್ಯಾಸಗಳೂ ನಿರುಪದ್ರವಿ ಎನ್ನಲಾಗದು. ಹೃದಯಕ್ಕೇ ರಕ್ತ ಕೊಡುವ ನಾಳವೊಂದು ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ನಡುವೆ ಸಿಕ್ಕಿಕೊಂಡಿದ್ದರೆ ಹೃದ್ರೋಗ ತಜ್ಞರು ನೋಡಲೇಬೇಕು. ಓಡುವ, ಆಡುವ ಹರೆಯದವರಲ್ಲಂತೂ ತಡ ಮಾಡಬಾರದು. ನಾಳ ಕಿರಿದಾಗುವುದು, ಊದಿಕೊಳ್ಳುವುದು ಸಹ ಬೇರೆಯೇ ವಿಷಯ. ಅವು ರೋಗಗಳು.

ಆದ್ದರಿಂದ ವರದಿ ಕೈಗೆ ಬಂದಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಇದು ಹುಟ್ಟಿನಿಂದ ಬಂದ ವ್ಯತ್ಯಾಸವೇ, ರೋಗವೇ? ಈಗಿನ ನನ್ನ ತೊಂದರೆಗೆ ಇದೇ ಕಾರಣವೇ? ಮುಂದೆ ಆಪರೇಷನ್ ಅಥವಾ ಆಂಜಿಯೋಗ್ರಾಮ್ ಆಗುವುದಾದರೆ ಇದನ್ನು ತಿಳಿಸಬೇಕೇ? ಉತ್ತರವನ್ನು ವರದಿಯ ಮೇಲೆಯೇ ಕನ್ನಡದಲ್ಲಿ ಬರೆದಿಡಿ. ಫಿಲ್ಮ್ ಮತ್ತು ಸಿ.ಡಿ.ಗಳನ್ನು ಹಳೆಯ ಕಾಗದಗಳೊಂದಿಗೆ ರದ್ದಿಗೆ ಹಾಕದೆ ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡಿ. ಹತ್ತು ವರ್ಷಗಳ ನಂತರ ಬೇರೆ ಊರಿನ ಬೇರೆ ವೈದ್ಯರು ಶಸ್ತ್ರಚಿಕಿತ್ಸೆ ಮಾಡುವಾಗ ಆ ಕಾಗದವೇ ಅವರಿಗೆ ದಾರಿ ತೋರಿಸಬಹುದು.