ತಟ್ಟೆ ಇಡ್ಲಿಗೆ ಪಾರ್ಕಿಂಗ್ ಸರ್ಟಿಫಿಕೇಟು

ಮೈಸೂರು ರಸ್ತೆಗೆ ಕಾರು ತಿರುಗಿಸುವ ಬೆಂಗಳೂರಿಗರ ಬಳಿ ಒಂದು ಸೂತ್ರ ಇದ್ದೇ ಇರುತ್ತದೆ: ಎಲ್ಲಿ ಕಾರುಗಳು ಸಾಲಾಗಿ ನಿಂತಿವೆಯೋ ಅಲ್ಲಿ ತಿಂಡಿ ಚೆನ್ನಾಗಿರುತ್ತದೆ. ಅಪ್ಪನಿಂದ ಮಗನಿಗೆ, ಮಗನಿಂದ ಆಫೀಸಿನ ವಾಟ್ಸಾಪ್ ಗುಂಪಿಗೆ ಈ ಜ್ಞಾನ ದಾಟುತ್ತಲೇ ಇದೆ. ಯಾರಾದರೂ ಅನುಮಾನಿಸಿದರೆ ‘ಜನ ಏನು ಸುಮ್ಮನೆ ನಿಲ್ತಾರಾ?’ ಎಂಬ ಬ್ರಹ್ಮಾಸ್ತ್ರ ಬರುತ್ತದೆ.

ನಿಲ್ಲುತ್ತಾರೆ. ಬಹಳಷ್ಟು ಸಲ ಸುಮ್ಮನೆಯೇ ನಿಲ್ಲುತ್ತಾರೆ.

ಇದಕ್ಕೆ ಪುರಾವೆ ಬೇಕಿದ್ದರೆ ಬಿಡದಿ, ರಾಮನಗರ, ಚನ್ನಪಟ್ಟಣಗಳ ಹಳೇ ಹೆದ್ದಾರಿಯನ್ನು ನೋಡಬೇಕು. ಬೆಂಗಳೂರು–ಮೈಸೂರು ದಶಪಥದ ಬೈಪಾಸುಗಳು ಹಂತಹಂತವಾಗಿ ತೆರೆದುಕೊಂಡವು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಇಡೀ ರಸ್ತೆಯನ್ನು ಉದ್ಘಾಟಿಸಿದರು. ಬಿಡದಿಗೆ ಒಂದು ಬೈಪಾಸು, ರಾಮನಗರ–ಚನ್ನಪಟ್ಟಣಗಳಿಗೆ ಸೇರಿ ಇನ್ನೊಂದು, ಮುಂದೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಕ್ಕೂ ಅದೇ ಭಾಗ್ಯ. ಊರೊಳಗೆ ನುಗ್ಗುತ್ತಿದ್ದ ಕಾರುಗಳು ಬೇಲಿಯಾಚೆ ಹಾರಿಹೋದವು. ಇಡ್ಲಿ ಹೋಟೆಲುಗಳು, ವಡೆ ಅಂಗಡಿಗಳು, ಚನ್ನಪಟ್ಟಣದ ಬೊಂಬೆ ಮಳಿಗೆಗಳು ವ್ಯಾಪಾರ ಬಿತ್ತೆಂದು ಗೋಳಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಅದೇ ಅಡುಗೆಯವರು, ಅದೇ ರುಬ್ಬುವ ಯಂತ್ರ, ಅದೇ ಚಟ್ನಿ. ಕಾರುಗಳ ಸಾಲೇ ರುಚಿಯ ಸಾಕ್ಷಿ ಎನ್ನುವುದಾದರೆ, ಬೈಪಾಸಿಗೆ ಟಾರು ಬಿದ್ದ ದಿನವೇ ಊರಿನ ಇಡ್ಲಿಯೆಲ್ಲ ಹಳಸಿತೆಂದು ಒಪ್ಪಬೇಕಾಗುತ್ತದೆ. ಹಳಸಿದ್ದು ಇಡ್ಲಿಯಲ್ಲ, ಸೂತ್ರ.

ಹಾಗಾದರೆ ಕಾರುಗಳು ನಿಲ್ಲುವುದು ಯಾವ ಲೆಕ್ಕದಲ್ಲಿ? ಮೊದಲನೆಯದು ಹಸಿವಿನ ದೂರ. ನಸುಕಿನಲ್ಲಿ ಬೆಂಗಳೂರು ಬಿಟ್ಟವರಿಗೆ ಬಿಡದಿ ಮುಟ್ಟುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ, ಮದ್ದೂರಿಗೆ ಬರುವಷ್ಟರಲ್ಲಿ ಕಾಫಿಯ ನೆನಪಾಗುತ್ತದೆ. ಎರಡನೆಯದು ರಸ್ತೆಯ ಮಗ್ಗುಲು. ಮೈಸೂರಿಗೆ ಹೋಗುವವರ ಎಡಗಡೆ ಇರುವ ಹೋಟೆಲಿಗೆ ಶನಿವಾರ ಬೆಳಗಿನ ವ್ಯಾಪಾರ ತಾನಾಗಿ ಬರುತ್ತದೆ. ಡಿವೈಡರ್ ಆಚೆಗಿನವನು ಅಮೃತವನ್ನೇ ಬಡಿಸಿದರೂ ಯೂ-ಟರ್ನ್ ಹೊಡೆದು ಹೋಗುವವರು ಎಷ್ಟು ಮಂದಿ? ಮೂರನೆಯದು ಜಾಗ: ನಲವತ್ತು ಕಾರು ಹಿಡಿಯುವ ಅಂಗಳ, ಚೊಕ್ಕಟವಾದ ಶೌಚಾಲಯ, ಮಕ್ಕಳಿಗೊಂದು ಜೋಕಾಲಿ. ಇನ್ನು ಪ್ರವಾಸಿ ಬಸ್ಸು ನಿಂತಿದ್ದರೆ ಅದು ರುಚಿಗೆ ಬಿದ್ದ ಓಟು ಎಂದು ತಿಳಿಯಬೇಕಿಲ್ಲ. ಬಸ್ಸು ತಂದ ಡ್ರೈವರು, ಕ್ಲೀನರಿಗೆ ಬಿಟ್ಟಿ ಊಟ ಹಾಕುವುದು ಹೆದ್ದಾರಿಯ ಎಷ್ಟೋ ಹೋಟೆಲುಗಳಲ್ಲಿ ಇರುವ ಪದ್ಧತಿ. ಒಳಗೆ ಕೂತ ಐವತ್ತು ಜನರನ್ನು ಎಲ್ಲಿ ತಿನ್ನುತ್ತೀರೆಂದು ಯಾರೂ ಕೇಳಿರುವುದಿಲ್ಲ.

ಇವುಗಳ ಮೇಲೆ ಕೊನೆಯದೊಂದು ಕಾರಣವಿದೆ: ಕಾರು ನಿಂತಿದೆ ಎಂದು ಇನ್ನೊಂದು ಕಾರು ನಿಲ್ಲುತ್ತದೆ. ಮೊದಲನೆಯವನು ಟೈರಿನ ಗಾಳಿ ನೋಡಲು ನಿಲ್ಲಿಸಿದ್ದಿರಬಹುದು.

ಸೂತ್ರದಲ್ಲಿ ಒಂದಿಷ್ಟು ಸತ್ಯವೂ ಉಂಟು. ಗಿರಾಕಿ ಹೆಚ್ಚಿದ್ದಲ್ಲಿ ತಿಂಡಿ ಬೇಗ ಖರ್ಚಾಗುತ್ತದೆ, ಒಲೆಯಿಂದ ಇಳಿದದ್ದು ಬಿಸಿಬಿಸಿಯಾಗಿ ಎಲೆಗೆ ಬೀಳುತ್ತದೆ. ಆದರೆ ಗಿರಾಕಿ ಹದ ಮೀರಿದರೆ ಅದೇ ಸತ್ಯ ತಿರುಗಿಬೀಳುತ್ತದೆ. ಇಡ್ಲಿ ಹಿಟ್ಟಿನ ವಿಷಯದಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. ಅಕ್ಕಿ, ಉದ್ದು ನೆನೆಯಲು ಗಂಟೆಗಟ್ಟಲೆ ಬೇಕು. ರುಬ್ಬಿದ ಮೇಲೆ ಹುದುಗಲು ಒಂದು ರಾತ್ರಿ ಬೇಕು. ಮೆತ್ತಗಾಗಲೆಂದು ಸಬ್ಬಕ್ಕಿ, ಅವಲಕ್ಕಿ ಸೇರಿಸುವವರಿದ್ದಾರೆ. ಆದರೆ ಹಿಟ್ಟನ್ನು ಉಬ್ಬಿಸುವುದು ಅದರೊಳಗಿನ ಬ್ಯಾಕ್ಟೀರಿಯಾ, ಮತ್ತು ದಸರಾ ರಜೆಗೆ ಕಾರು ಹೆಚ್ಚು ಬಂತೆಂದು ಅದು ಓವರ್‌ಟೈಮ್ ಮಾಡುವುದಿಲ್ಲ. ರಾತ್ರಿ ಇಟ್ಟ ಹಿಟ್ಟು ಹತ್ತು ಗಂಟೆಗೇ ತಳ ಕಂಡರೆ ಹನ್ನೊಂದಕ್ಕೆ ಬಂದವರ ತಟ್ಟೆಗೆ ಬೀಳುವುದು ಎರಡರಲ್ಲಿ ಒಂದು: ‘ಇಡ್ಲಿ ಖಾಲಿ’ ಎಂಬ ಪ್ರಾಮಾಣಿಕ ಉತ್ತರ, ಇಲ್ಲವೇ ಅರೆ ಹುದುಗಿದ ಹಿಟ್ಟಿಗೆ ಸೋಡಾ ಹಾಕಿ ಉಬ್ಬಿಸಿದ ಬಿಳಿ ಬಿಲ್ಲೆ. ‘ಖಾಲಿ’ ಎನ್ನುವ ಹೋಟೆಲಿಗೆ ರೇಟಿಂಗಿನಲ್ಲಿ ಒಂದೇ ನಕ್ಷತ್ರ, ಬಿಲ್ಲೆ ಕೊಟ್ಟವನಿಗೆ ನಾಲ್ಕೂವರೆ!

ಒಲೆಯ ಬಳಿ ಒಂದು ನಿಮಿಷ ನಿಂತರೂ ಸಾಕು, ಬಹಳಷ್ಟು ತಿಳಿಯುತ್ತದೆ. ತಟ್ಟೆ ಇಡ್ಲಿಯ ಸ್ಟ್ಯಾಂಡಿನಲ್ಲಿ ಅಂಗೈಗಿಂತ ಅಗಲದ ತಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ. ಹಳೇ ಕ್ರಮದಲ್ಲಿ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಹಿಟ್ಟು ಹುಯ್ಯುತ್ತಾರೆ. ಬೆಂದ ಮೇಲೆ ತಟ್ಟೆ ಮಗುಚಿ, ಬಟ್ಟೆಯ ಮೇಲೆ ತಣ್ಣೀರು ಚಿಮುಕಿಸಿ ಎಬ್ಬುತ್ತಾರೆ. ಇಡ್ಲಿಯ ಮೈಮೇಲೆ ನೇಯ್ಗೆಯ ಗುರುತು ಸಣ್ಣಗೆ ಮೂಡಿರುತ್ತದೆ. ಬಟ್ಟೆ ಒಗೆಯಬೇಕು, ಒಣಗಿಸಬೇಕು, ನಿಧಾನದ ಕೆಲಸ. ಪ್ಲಾಸ್ಟಿಕ್ ಹಾಳೆಗೆ ಆ ತಾಪತ್ರಯವಿಲ್ಲ, ಸರ್ರನೆ ಕಿತ್ತು ಬರುತ್ತದೆ. 2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದು ಇದನ್ನೇ. ರಾಜ್ಯದಲ್ಲಿ ತಪಾಸಣೆ ಮಾಡಿದ 251 ಕಡೆಗಳ ಪೈಕಿ 52ರಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಬಳಸಿದ್ದು ಪತ್ತೆಯಾಗಿತ್ತು, ಸರ್ಕಾರ ಅದನ್ನು ನಿಷೇಧಿಸಿತು. ಹೊರಗೆ ಎಷ್ಟು ಕಾರು ನಿಂತಿವೆ ಎಂದು ಎಣಿಸುವವರಿಗೆ ಒಳಗೆ ತಟ್ಟೆಯ ಮೇಲೆ ಏನು ಹಾಸಿದೆ ಎಂದು ಇಣುಕುವಷ್ಟು ಪುರುಸೊತ್ತಿಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ.

‘ತಟ್ಟೆ ಇಡ್ಲಿ ಎಂದರೆ ಬಿಡದಿಯದು ಮಾತ್ರ’ ಎಂಬ ಮಾತನ್ನು ತುಮಕೂರಿನ ಕ್ಯಾತ್ಸಂದ್ರದಲ್ಲಿ ಹೇಳಿ ನೋಡಲಿ.

‘ಮದ್ದೂರು ವಡೆ ಉದ್ದಿನ ವಡೆಯ ಚಪ್ಪಟೆ ತಮ್ಮ.’ ಸಂಬಂಧವೇ ಇಲ್ಲ. ಅದು ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿಯದು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರ ಕೈಯಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಹುಟ್ಟಿದ್ದೇ ರೈಲಿನಲ್ಲಿ ಕಟ್ಟಿಕೊಂಡು ಹೋಗುವುದಕ್ಕೆ, ಆದ್ದರಿಂದ ‘ಆರಿದೆ’ ಎಂದು ವಾಪಸು ಕಳಿಸುವುದು ಅದಕ್ಕೆ ಮಾಡುವ ಅವಮಾನ.

‘ಬಣ್ಣದ ಪುಕ್ಕ ಇದ್ದರೆ ನಾಟಿ ಕೋಳಿ.’ ಬೆಂಗಳೂರಿನ ಹೆಬ್ಬಾಳದಲ್ಲಿ ವಿಜ್ಞಾನಿಗಳು ಬೆಳೆಸಿದ ಗಿರಿರಾಜ ತಳಿಗೂ ಬಣ್ಣದ ಪುಕ್ಕವಿದೆ.

‘ಹೊಳೆ ದಂಡೆಯಲ್ಲಿ ಕರಿದ ಮೀನು ಹೊಳೆಯದೇ.’ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುವುದನ್ನು ನೋಡುತ್ತಾ ಮೀನು ತಿನ್ನುವ ಸುಖ ಸುಳ್ಳಲ್ಲ. ಆದರೆ ಅದೇ ದಂಡೆಗೆ ಕಾವೇರಿ ವನ್ಯಜೀವಿ ಧಾಮವಿದೆ, ಧಾಮದೊಳಗೆ ಬಲೆ ಬೀಸುವಂತಿಲ್ಲ. ನದಿ ಕಣ್ಣಿಗೆ ಕಂಡಿತೆಂದ ಮಾತ್ರಕ್ಕೆ ಬಾಣಲೆಯ ಮೀನಿನ ಊರು ಗೊತ್ತಾಗುವುದಿಲ್ಲ, ಕೇಳಬೇಕು.

‘ಜಾನಪದ ಲೋಕದ ಪಕ್ಕ ಉಂಡದ್ದು ರಾಮನಗರದ ಊಟ.’ ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಲೋಕವನ್ನು ನೋಡಿ, ಪಕ್ಕದ ಕಾಮತ್ ಲೋಕರುಚಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಹೊಡೆಯುವುದು ಒಳ್ಳೆಯ ಕಾರ್ಯಕ್ರಮವೇ. ಆದರೆ ಆ ರೊಟ್ಟಿ ಉತ್ತರ ಕರ್ನಾಟಕದ್ದು. ಈ ಸೀಮೆಯದು ರಾಗಿ ಮುದ್ದೆ.

ನೋಟವನ್ನೇ ರುಚಿ ಎಂದುಕೊಳ್ಳುವ ಈ ಕಾಯಿಲೆ ನಮ್ಮೊಬ್ಬರದೇ ಅಲ್ಲ. ಇಟಲಿಯ ಅಮಾಲ್ಫಿ ಕರಾವಳಿಗೆ ಹೋದವರು ಪೊಸಿತಾನೊದಲ್ಲಿ ಸಮುದ್ರ ಕಾಣುವ ಕಟ್ಟೆಯ ಮೇಲೆ ಕುರ್ಚಿಗಾಗಿ ಕಾದು, ನೋಟದ ಬೆಲೆಯನ್ನೂ ಬಿಲ್ಲಿನಲ್ಲಿ ಕಟ್ಟಿ ಬರುತ್ತಾರೆ. ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ ಚೆತಾರಾ ಎಂಬ ಬೆಸ್ತರ ಊರಿದೆ. ಅಲ್ಲಿ ಸಣ್ಣ ಮೀನನ್ನು ಮರದ ಪೀಪಾಯಿಯಲ್ಲಿ ಉಪ್ಪಿನೊಡನೆ ತಿಂಗಳುಗಟ್ಟಲೆ ಅದುಮಿಟ್ಟು, ಸೋರಿದ ರಸವನ್ನು ನೂಡಲ್ಸಿನಂಥ ಪಾಸ್ತಾಕ್ಕೆ ಹಾಕಿ ಉಣ್ಣುತ್ತಾರೆ. ಕೊಲಾತುರಾ ಎಂಬ ಆ ರಸಕ್ಕೆ 2020ರಲ್ಲಿ ಯುರೋಪಿನ ಭೌಗೋಳಿಕ ಮನ್ನಣೆಯೂ ಸಿಕ್ಕಿತು. ಪ್ರವಾಸಿಗಳ ಕ್ಯಾಮೆರಾ ಹೆಚ್ಚಾಗಿ ತಿರುಗುವುದು ಮಾತ್ರ ಪೊಸಿತಾನೊ ಕಡೆಗೇ.

ಹಾಗಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ತಿನ್ನಬೇಕು? ಮತ್ತೆ ಮತ್ತೆ ಬರಲೇಬೇಕಾದ ಗಿರಾಕಿ ಇರುವ ಕಡೆ. ದಶಪಥದ ಗಿರಾಕಿ ಇವತ್ತು ಬಂದವನು, ಇನ್ನಾರು ತಿಂಗಳು ಈ ಕಡೆ ತಲೆ ಹಾಕುವುದಿಲ್ಲ. ಅವನಿಗೆ ಕೆಟ್ಟ ಸಾಂಬಾರು ಹುಯ್ದರೂ ನಷ್ಟವಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಿಗ್ಗೆಯೇ ಗೂಡು ತರುವ ರೈತ, ನೂಲು ತೆಗೆಯಲು ಗೂಡು ಕೊಳ್ಳಲೆಂದು ಹರಾಜಿಗೆ ನಿಲ್ಲುವ ರೀಲರು ಹಾಗಲ್ಲ. ಇವತ್ತು ಮುದ್ದೆ ಗಂಟುಗಂಟಾಗಿದ್ದರೆ ನಾಳೆ ಪಕ್ಕದ ಹೋಟೆಲಿನಲ್ಲಿ ಕೂತಿರುತ್ತಾರೆ, ಹೋಗುವಾಗ ನಾಲ್ಕು ಜನಕ್ಕೆ ಹೇಳಿಯೂ ಹೋಗುತ್ತಾರೆ. ಮಾರುಕಟ್ಟೆ, ತಾಲ್ಲೂಕು ಕಚೇರಿ, ಕೋರ್ಟು, ಬಸ್ ನಿಲ್ದಾಣ: ಇವುಗಳ ಸುತ್ತ ಇರುವ ಹೋಟೆಲುಗಳನ್ನು ತಿದ್ದುವುದು ಈ ಭಯವೇ. ಕನಕಪುರದ ಪೇಟೆಯೊಳಗಿನ ದೋಸೆ ಹೋಟೆಲುಗಳೂ ಊರವರ ಬಾಯಿಗೆ ಹೆದರಿಯೇ ಕಾವಲಿ ಕಾಯಿಸುತ್ತವೆ. ಮಿಲಿಟರಿ ಹೋಟೆಲಿಗೆ ಹೋಗುವವರು ಬೋರ್ಡಿನ ಬಣ್ಣ ಬಿಟ್ಟು ಹೊತ್ತು ನೋಡಿಕೊಂಡು ಹೋಗಲಿ, ಮಧ್ಯಾಹ್ನದ ಮೊದಲ ಮುದ್ದೆಗೆ ಸಮನಾದದ್ದು ಮೂರು ಗಂಟೆಯ ಮುದ್ದೆಯಲ್ಲ.

ಕಾಲವೂ ಒಂದು ಮಾತು. ಡಿಸೆಂಬರ್, ಜನವರಿಯಲ್ಲಿ ಸಾವನದುರ್ಗ ಹತ್ತಲು ಮಾಗಡಿಗೆ ಹೋಗುವವರು ದಾರಿಬದಿಯ ಗೋಬಿ ಮಂಚೂರಿ ತಿಂದು ಬರುವುದಂತೂ ಅರ್ಥವಾಗದ ಸಂಗತಿ. ಆ ದಿನಗಳಲ್ಲಿ ಮಾಗಡಿ ಸೀಮೆಯ ಹೊಲಗಳಲ್ಲಿ ಸೊಗಡಿನ ಅವರೆ ಇಳಿಯುತ್ತದೆ. ಹಿತಕಿದ ಅವರೆಬೇಳೆಯ ಸಾರು, ಅವರೆಕಾಳು ಉಪ್ಪಿಟ್ಟು ಅಲ್ಲಿ ಸಿಗುವುದು ಆಗಲೇ.

ಆದರೆ ಇದನ್ನೆಲ್ಲ ಕೇಳುವವರು ಯಾರು? ಕಾರಿನ ಸಾಲನ್ನು ನಂಬುತ್ತಿದ್ದವರು ಈಗ ರೀಲ್ಸ್ ನಂಬುತ್ತಿದ್ದಾರೆ, ಕಾಯಿಲೆಗೆ ಮೊಬೈಲ್ ಬಂದಿದೆ ಅಷ್ಟೆ. ಮೂವತ್ತು ಸೆಕೆಂಡಿನಲ್ಲಿ ಬೆಣ್ಣೆ ಕರಗುತ್ತದೆ, ‘ಒಂದ್ಸಲ ಟ್ರೈ ಮಾಡ್ಲೇಬೇಕು ಗುರೂ’ ಎಂದು ಒಬ್ಬ ಕಿರುಚುತ್ತಾನೆ, ಮುಂದಿನ ಭಾನುವಾರ ಆ ಅಂಗಡಿಯ ಮುಂದೆ ಟ್ರಾಫಿಕ್ ಜಾಮ್. ‘ಒರಿಜಿನಲ್’ ಎಂಬ ಬೋರ್ಡು ಒಂದೇ ಬೀದಿಯಲ್ಲಿ ಮೂರು ಕಡೆ ನೇತಾಡುತ್ತಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ಹುಡುಕುವವರು, ಸೈಟು ಕೊಳ್ಳುವಾಗ ಮೂವತ್ತು ವರ್ಷದ ಇಸಿ ತೆಗೆಸುವವರು, ಹೊಟ್ಟೆಗೆ ಹೋಗುವುದರ ವಿಷಯದಲ್ಲಿ ಮಾತ್ರ ಮುಂದಿನ ಕಾರಿನ ಇಂಡಿಕೇಟರ್ ನೋಡಿ ಸ್ಟಿಯರಿಂಗ್ ತಿರುಗಿಸುತ್ತಾರೆ.