ಎರವಲು ದನಿಗಳ ‘ಮೆಸಾಯಾ’

ಹದಿನೆಂಟನೆಯ ಶತಮಾನದ ಡಬ್ಲಿನ್‌ನಲ್ಲಿ ಸಾಲ ತೀರಿಸಲಾಗದವನನ್ನು ಸೆರೆಮನೆಗೆ ತಳ್ಳುತ್ತಿದ್ದರು. ಒಳಗಿದ್ದವನು ದುಡಿಯುವ ಹಾಗಿಲ್ಲ, ದುಡಿಯದೆ ಸಾಲ ಹರಿಯುವುದಿಲ್ಲ, ಸಾಲ ಹರಿಯದೆ ಬಾಗಿಲು ತೆರೆಯುವುದಿಲ್ಲ. ಇಂಥವರ ಬಾಕಿ ಕಟ್ಟಿ ಬಿಡಿಸಲೆಂದೇ ಆ ಊರಿನ ಸಂಗೀತಪ್ರಿಯರು ಒಂದು ಸಂಘ ಕಟ್ಟಿಕೊಂಡಿದ್ದರು. ಕಛೇರಿ ಏರ್ಪಡಿಸುವುದು, ಟಿಕೆಟ್ ಮಾರುವುದು, ಬಂದ ಹಣದಲ್ಲಿ ಕೈದಿಗಳನ್ನು ಬಿಡಿಸುವುದು ಅವರ ಕೆಲಸ. ಫಿಶ್ಯಾಂಬಲ್ ಬೀದಿಯ ಒಂದು ಹೆಂಡದಂಗಡಿಯಲ್ಲಿ ಸೇರುತ್ತಿದ್ದ ಈ ಮಂದಿಗೆ 1741ರ ಅಕ್ಟೋಬರಿನಲ್ಲಿ ಅದೇ ಬೀದಿಯಲ್ಲಿ 600 ಜನ ಹಿಡಿಸುವ ಹೊಸ ಸಭಾಂಗಣ ದೊರೆಯಿತು. ಅದರ ಮರುತಿಂಗಳು ಲಂಡನ್ನಿನಿಂದ ಸಂಗೀತ ರಚನಕಾರ ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್ ಬಂದಿಳಿದ. ಅವನ ಸಾಮಾನಿನಲ್ಲಿ ಯಾರೂ ಕೇಳಿರದ ‘ಮೆಸಾಯಾ’ ಎಂಬ ಗಾಯನಕೃತಿಯ ಹಸ್ತಪ್ರತಿ ಇತ್ತು.

ಇಂದು ಒಂದು ಸಣ್ಣ ಆರ್ಕೆಸ್ಟ್ರಾ, ಜೊತೆಗೆ ಗಾಯಕ ವೃಂದ, ಬೇರೆ ಊರುಗಳಿಂದ ಕರೆಸಿದ ನಾಲ್ವರು ಅತಿಥಿ ಗಾಯಕರು ಎಂದು ಕಛೇರಿಯ ಕರಪತ್ರದಲ್ಲಿ ಕಂಡರೆ, ಅದೊಂದು ಶಾಸ್ತ್ರೋಕ್ತ ಏರ್ಪಾಡು ಎಂದುಕೊಳ್ಳುತ್ತೇವೆ. ಅಂಥ ಕಛೇರಿಗಳಲ್ಲಿ ಅತಿ ಹೆಚ್ಚು ಕೇಳಿಸುವ ಈ ಕೃತಿಯ ಹುಟ್ಟನ್ನು ಕೆದಕಿದರೆ ಶಾಸ್ತ್ರ ಕಾಣುವುದು ಕಡಿಮೆ. ಸಿಕ್ಕವರನ್ನು ಸೇರಿಸಿ, ಇದ್ದುದರಲ್ಲಿ ಹೊಂದಿಸಿ ಮಾಡಿದ ಅಡುಗೆ ಅದು.

ಹ್ಯಾಂಡೆಲ್‌ಗೆ ಆಗ ಐವತ್ತಾರು. ಜರ್ಮನಿಯಲ್ಲಿ ಹುಟ್ಟಿ, ಇಟಲಿಯಲ್ಲಿ ಪಳಗಿ, ಲಂಡನ್ನಿನಲ್ಲಿ ಇಟಾಲಿಯನ್ ಆಪೆರಾ ನಡೆಸುತ್ತಿದ್ದವನು. ಜನ ಬರುವುದು ನಿಂತಿತ್ತು. ಅವನ ಕೊನೆಯ ಆಪೆರಾ ‘ಡೈಡಾಮಿಯಾ’ ಆ ವರ್ಷದ ಫೆಬ್ರುವರಿಯಲ್ಲೇ ಗಂಟುಮೂಟೆ ಕಟ್ಟಿತ್ತು. ‘ಮೆಸಾಯಾ’ದ ಸಾಹಿತ್ಯಕ್ಕೆ ಚಾರ್ಲ್ಸ್ ಜೆನ್ನೆನ್ಸ್ ಎಂಬ ಸಿರಿವಂತ ಜಮೀನುದಾರ ಬೈಬಲಿನ ಹಳೆಯ, ಹೊಸ ಒಡಂಬಡಿಕೆಗಳಿಂದ ವಾಕ್ಯಗಳನ್ನು ಆಯ್ದು, ಕ್ರಿಸ್ತನ ಬರವಿನ ಭವಿಷ್ಯವಾಣಿಯಿಂದ ಪುನರುತ್ಥಾನದವರೆಗೆ ಪೋಣಿಸಿ ಕೊಟ್ಟಿದ್ದ. ಅದರಲ್ಲಿ ಪಾತ್ರಗಳಿಲ್ಲ, ಸಂವಾದವಿಲ್ಲ. ಒಂದು ಸಾಲೂ ಜೆನ್ನೆನ್ಸ್‌ನ ಸ್ವಂತದ್ದಲ್ಲ. ಹ್ಯಾಂಡೆಲ್ ಆಗಸ್ಟ್ 22ರಂದು ಕೂತು ಸೆಪ್ಟೆಂಬರ್ 14ಕ್ಕೆ ಎದ್ದ. ಅಷ್ಟರಲ್ಲಿ ಸುಮಾರು ಎರಡೂವರೆ ತಾಸಿನ ಸಂಗೀತ ಕಾಗದಕ್ಕೆ ಇಳಿದಿತ್ತು.

ಈ ವೇಗವನ್ನು ದೈವಾವೇಶವೆಂದು ಬಣ್ಣಿಸುವವರು ಬಹಳ. ನನಗೆ ಇದರ ಹಿಂದಿನ ಕೈಚಳಕವೇ ಹೆಚ್ಚು ರುಚಿಸುತ್ತದೆ. ಆ ಜುಲೈ ತಿಂಗಳ ಮೊದಲ ವಾರದಲ್ಲಿ ಅವನು ಇಬ್ಬರು ಹಾಡುವಂಥ ಇಟಾಲಿಯನ್ ಪ್ರೇಮಗೀತೆಗಳನ್ನು ಬರೆದಿದ್ದ. ಅವುಗಳಲ್ಲೊಂದು ಕುರುಡು ಮನ್ಮಥನನ್ನು ನಂಬಲಾರೆ ಎಂದು ಮೂದಲಿಸುವ ಹಾಡು. ಎರಡೇ ತಿಂಗಳಲ್ಲಿ ಅದರ ಮಟ್ಟು, ನಮಗೊಂದು ಮಗು ಹುಟ್ಟಿದೆ ಎಂದು ಸಾರುವ ಪ್ರಸಿದ್ಧ ವೃಂದಗೀತೆಯಾಯಿತು. ಎರಡು ದನಿಗಳ ಚೆಲ್ಲಾಟವನ್ನು ನಾಲ್ಕು ದನಿಗಳಿಗೆ ಹಂಚಿದ. ನಡುವೆ ಎಲ್ಲರೂ ಒಟ್ಟಾಗಿ ದೇವರ ಬಿರುದುಗಳನ್ನು ಕೂಗುವ ಜಾಗವನ್ನು ಹೊಸದಾಗಿ ಕಟ್ಟಿದ. ಇಂದಿಗೂ ಆ ಹಾಡು ಭಾರವಿಲ್ಲದೆ ಕುಣಿಯುವುದಕ್ಕೆ ಕಾರಣ ಅದರ ಪೂರ್ವಾಶ್ರಮವೇ.

ಡಬ್ಲಿನ್‌ಗೆ ಹೋಗುವ ದಾರಿಯಲ್ಲಿ ಗಾಳಿ ಅನುಕೂಲವಾಗದೆ ಹ್ಯಾಂಡೆಲ್ ಚೆಸ್ಟರ್ ಊರಿನಲ್ಲಿ ಕೆಲದಿನ ಉಳಿಯಬೇಕಾಯಿತು. ಸಮಯ ಹಾಳುಮಾಡುವುದೇಕೆಂದು ಸ್ಥಳೀಯ ಹಾಡುಗಾರರನ್ನು ಕರೆಸಿ ವೃಂದಗೀತೆಗಳನ್ನು ಹಾಡಿಸಿ ನೋಡಿದ. ಬಂದವರಲ್ಲೊಬ್ಬ ಅಚ್ಚುಕೂಟದವನು, ಸ್ವರಲಿಪಿ ನೋಡಿ ಹಾಡಬಲ್ಲೆನೆಂದು ಒಪ್ಪಿಕೊಂಡು ಬಂದು ಮತ್ತೆ ಮತ್ತೆ ಎಡವಿದ. ಹ್ಯಾಂಡೆಲ್ ನಾಲ್ಕೈದು ಭಾಷೆಗಳಲ್ಲಿ ಬೈದ. ನೋಡಿ ಹಾಡಬಲ್ಲೆ ನಿಜ, ಆದರೆ ಮೊದಲ ನೋಟಕ್ಕೇ ಅಲ್ಲ ಎಂದು ಆ ಬಡಪಾಯಿ ಸಮಜಾಯಿಷಿ ಕೊಟ್ಟನಂತೆ. ಆಗ ಅದೇ ಊರಿನಲ್ಲಿ ಶಾಲಾಹುಡುಗನಾಗಿದ್ದ ಚಾರ್ಲ್ಸ್ ಬರ್ನಿ, ಮುಂದೆ ಸಂಗೀತದ ಇತಿಹಾಸಕಾರನಾಗಿ ಇದನ್ನು ದಾಖಲಿಸಿದ.

ಡಬ್ಲಿನ್‌ನಲ್ಲಿ ಹಾಡುವವರು ಯಾರು? ಊರಿನಲ್ಲಿದ್ದ ತರಬೇತಾದ ದನಿಗಳೆಲ್ಲ ಎರಡು ಕ್ಯಾಥೆಡ್ರಲ್‌ಗಳ ಗಾಯಕ ವೃಂದದವು. ಅವುಗಳಲ್ಲೊಂದಾದ ಸೇಂಟ್ ಪ್ಯಾಟ್ರಿಕ್ಸ್‌ನ ಹಿರಿಯ ಅಧಿಕಾರಿ ಜೊನಾಥನ್ ಸ್ವಿಫ್ಟ್, ‘ಗಲಿವರನ ಪ್ರವಾಸ’ ಬರೆದವನೇ. 1742ರ ಜನವರಿಯಲ್ಲಿ ಆತ ಕಿಡಿಕಾರಿದ: ದೇವಾಲಯದ ಗಾಯಕರು ಫಿಶ್ಯಾಂಬಲ್ ಬೀದಿಯ ಪಿಟೀಲುಗಾರರ ಕೂಟಕ್ಕೆ ಹೋಗಕೂಡದು. ಮುದುಕನ ಮನಸ್ಸು ಆಗಲೇ ಹದ ತಪ್ಪುತ್ತಿತ್ತು. ಹೇಗೋ ಆ ಆಜ್ಞೆ ಹಿಂದೆ ಸರಿಯಿತು. ಗಂಡಸರು, ಹುಡುಗರು ಸೇರಿ ಮೂವತ್ತರ ಆಸುಪಾಸಿನ ವೃಂದ ಒದಗಿತು. ಹ್ಯಾಂಡೆಲ್‌ನ ಹಳೆಯ ಪರಿಚಯದ ಪಿಟೀಲುವಾದಕ ಮ್ಯಾಥ್ಯೂ ಡುಬೂರ್ಗ್ ವಾದ್ಯಮೇಳವನ್ನು ಮುನ್ನಡೆಸಿದ.

ಆ ಮೇಳ ಎಷ್ಟು ಮಿತವ್ಯಯದ್ದೆಂದರೆ ಮೂಲ ಹಸ್ತಪ್ರತಿಯಲ್ಲಿ ತಂತಿವಾದ್ಯಗಳು, ಆಧಾರಕ್ಕೆ ಕೀಲಿಮಣೆ, ಎರಡು ತುತ್ತೂರಿ, ಒಂದು ಜೋಡಿ ನಗಾರಿ, ಇಷ್ಟೇ. ಈ ತುತ್ತೂರಿಗಳೂ ನಾಲ್ಕೇ ಕಡೆ ಬಾಯಿ ತೆರೆಯುತ್ತವೆ. ದೇವದೂತರು ಕುರುಬರಿಗೆ ಕಾಣಿಸಿಕೊಳ್ಳುವಾಗ ಅವು ಮೊದಲ ಬಾರಿ ಕೇಳಿಸಬೇಕು. ಅಲ್ಲಿ ‘ದೂರದಿಂದ, ತುಸು ಮೆಲ್ಲಗೆ’ ಎಂದು ಹ್ಯಾಂಡೆಲ್ ಸೂಚನೆ ಬರೆದಿದ್ದಾನೆ. ನಗಾರಿಗಳು ‘ಹಲ್ಲೆಲೂಯ’ ಎಂಬ ವೃಂದಗೀತೆಯವರೆಗೆ ಸುಮ್ಮನೆ ಕಾಯುತ್ತವೆ. ಆ ಹಾಡು ಇಂದಿಗೂ ಸಿಡಿಯುವುದು ಹೀಗೆ ಕೂಡಿಟ್ಟ ಸದ್ದಿನಿಂದ.

ಒಬ್ಬಂಟಿ ಹಾಡುಗಳ ಪೈಕಿ ಮೇಲಿನ ಸ್ಥಾಯಿಯವಕ್ಕೆ ಲಂಡನ್ನಿನಿಂದ ಆವೋಲಿಯೊ ಎಂಬ ಗಾಯಕಿ ಬಂದಿದ್ದಳು. ಕೆಳದನಿಯ ಹಾಡುಗಳಿಗೆ ಸಿಕ್ಕವಳು ಸುಸಾನಾ ಸಿಬ್ಬರ್, ನಾಟಕದ ನಟಿ. ಗಂಡನೇ ಅವಳ ಪ್ರಿಯಕರನ ಮೇಲೆ ದಾವೆ ಹೂಡಿ, ಒಳಮನೆಯ ಸಂಗತಿಗಳೆಲ್ಲ ಕೋರ್ಟಿನಲ್ಲಿ ಬಯಲಾಗಿ ಮೂರು ವರ್ಷ ಮೀರಿತ್ತು. ಸ್ವರಲಿಪಿಯಲ್ಲಿ ಅವಳಿಗೆ ಹಿಡಿತವಿರಲಿಲ್ಲ. ಹ್ಯಾಂಡೆಲ್ ಎದುರು ಕೂತು, ನಮ್ಮಲ್ಲಿ ಪಾಠ ಹೇಳಿಕೊಡುವಂತೆ, ಸ್ವರ ಸ್ವರವಾಗಿ ಬಾಯಿಪಾಠ ಮಾಡಿಸಿದನೆಂದು ಹೇಳುತ್ತಾರೆ. ಒಂದು ಹಾಡನ್ನು ಅವಳ ದನಿಗೆಂದು ಶ್ರುತಿ ಇಳಿಸಿಯೂ ಕೊಟ್ಟ. ಜನ ಧಿಕ್ಕರಿಸಿದ ಕ್ರಿಸ್ತನ ಕುರಿತ ಹಾಡನ್ನು ಊರೆಲ್ಲ ಆಡಿಕೊಂಡ ಹೆಣ್ಣಿನ ಬಾಯಲ್ಲಿ ಕೇಳಿ, ಡೆಲನಿ ಎಂಬ ಪಾದ್ರಿ ನಿನ್ನ ಪಾಪಗಳೆಲ್ಲ ಕ್ಷಮಿಸಲ್ಪಡಲಿ ಎಂದು ಉದ್ಗರಿಸಿದನಂತೆ.

1742ರ ಏಪ್ರಿಲ್ 13, ಮಧ್ಯಾಹ್ನ ಹನ್ನೆರಡು. ಹೆಂಗಸರು ಲಂಗದೊಳಗಿನ ಬಳೆಚೌಕಟ್ಟು ಬಿಟ್ಟು, ಗಂಡಸರು ಕತ್ತಿ ಬಿಟ್ಟು ಬರಬೇಕೆಂದು ಮೊದಲೇ ಪತ್ರಿಕೆಯಲ್ಲಿ ಕೋರಿದ್ದರು. ಹಾಗೆ ಉಳಿದ ಜಾಗದಲ್ಲಿ 700 ಜನ ತುಂಬಿದರು. ಸುಮಾರು 400 ಪೌಂಡು ಕೂಡಿತು. ಸಾಲಗಾರ ಕೈದಿಗಳಿಗೆ ಒಂದು ಪಾಲು, ಎರಡು ಆಸ್ಪತ್ರೆಗಳಿಗೆ ಒಂದೊಂದು ಪಾಲು. 142 ಮಂದಿ ಬಿಡುಗಡೆಯಾದರೆಂಬ ಲೆಕ್ಕವಿದೆ. ಜೂನ್‌ನ ಮರುಕಛೇರಿಗೆ ಸೆಕೆ ತಾಳದೆಂದು ಪ್ರತಿ ಕಿಟಕಿಯ ಮೇಲುಗಡೆಯ ಒಂದು ಗಾಜನ್ನು ಕಳಚಿಸಿದ್ದರು.

ಲಂಡನ್ನಿನಲ್ಲಿ ಇದಕ್ಕೆ ಇಂಥ ಆದರ ಸಿಗಲಿಲ್ಲ. ನಾಟಕಶಾಲೆಯಲ್ಲಿ, ನಟಿಯರ ಬಾಯಲ್ಲಿ ದೇವರ ವಾಕ್ಯವೇ ಎಂದು ಮಡಿವಂತರು ಮುನಿದರು. 1743ರ ಜಾಹೀರಾತಿನಲ್ಲಿ ಹ್ಯಾಂಡೆಲ್ ಕೃತಿಯ ಹೆಸರನ್ನೇ ಮುಚ್ಚಿಟ್ಟ. ಅವಸರದಲ್ಲಿ ಕೆಡಿಸಿದನೆಂದು ಜೆನ್ನೆನ್ಸ್ ಕೂಡ ಗೊಣಗಿದ. ದೊರೆ ಎರಡನೆಯ ಜಾರ್ಜ್ ‘ಹಲ್ಲೆಲೂಯ’ಕ್ಕೆ ಎದ್ದು ನಿಂತನೆಂಬ ಕಥೆ ಈ ಕಾಲದ್ದೆನ್ನುತ್ತಾರೆ, ಅದು ಕಾಗದದ ಮೇಲೆ ಮೊದಲು ಕಾಣಿಸುವುದು 1780ರಲ್ಲಿ, ಬೇರೊಬ್ಬನಿಂದ ಕೇಳಿದ ಮಾತಾಗಿ. ಈಗಲೂ ಸಭೆಗಳು ಎದ್ದು ನಿಲ್ಲುತ್ತವೆ, ನಿಲ್ಲಲಿ.

ಕೃತಿಯ ಅದೃಷ್ಟ ತಿರುಗಿದ್ದು 1750ರಲ್ಲಿ, ತೊರೆದ ಮಕ್ಕಳನ್ನು ಸಾಕುತ್ತಿದ್ದ ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ. ಅಲ್ಲಿಂದ ವರ್ಷ ವರ್ಷ ಸಹಾಯಾರ್ಥ ಕಛೇರಿ ನಡೆಯಿತು. ಆ ವರ್ಷ ಗ್ವಾದಾಗ್ನಿ ಎಂಬ ಗಾಯಕ ಸಿಕ್ಕಿದ್ದನೆಂದು, ಮೊದಲು ಗಂಡಸರ ತಗ್ಗುದನಿಗೆ ಬರೆದಿದ್ದ ಹಾಡನ್ನೇ ಅವನಿಗಾಗಿ ಹ್ಯಾಂಡೆಲ್ ಬೇರೆಯಾಗಿ ಬರೆದ. ಕರೆಸಿದ ಗಾಯಕನಿಗೆ ತಕ್ಕಂತೆ ಕೃತಿ ಬದಲಾಗುತ್ತಿತ್ತು.

ಹ್ಯಾಂಡೆಲ್ ತೀರಿಕೊಂಡ ಮೇಲೆ ಮೇಳ ಊದಿಕೊಳ್ಳತೊಡಗಿತು. 1784ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ 500ಕ್ಕೂ ಹೆಚ್ಚು ಮಂದಿ; 1859ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 2,500ಕ್ಕೂ ಮೀರಿದ ಹಾಡುಗಾರರು. ನಡುವೆ 1789ರಲ್ಲಿ ಮೊಜಾರ್ಟ್ ವಿಯೆನ್ನಾದ ಕೇಳುಗರಿಗಾಗಿ ಕ್ಲಾರಿನೆಟ್ ಮುಂತಾದುವನ್ನು ಸೇರಿಸಿದ. ಅದರ ಸೊಗಸೇ ಬೇರೆ. ಸಾವಿರಾರು ಜನರ ಗದ್ದಲದಲ್ಲಿ ಮಾತ್ರ ಆ ಪ್ರೇಮಗೀತೆಯ ಕುಣಿತ ಉಳಿದಿರಲಾರದು. 1891ರಲ್ಲಿ ಬರ್ನಾರ್ಡ್ ಷಾ, ಈ ಜಾತ್ರೆ ಸಾಕು, ಇಪ್ಪತ್ತು ಜನ ಸಮರ್ಥ ಹಾಡುಗಾರರಿಂದ ಒಮ್ಮೆ ಹಾಡಿಸಬಾರದೇ ಎಂದು ಕೇಳಿದ.

ಅದು ಕೈಗೂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಫೌಂಡ್ಲಿಂಗ್ ಆಸ್ಪತ್ರೆಯವರು 1754ರ ಕಛೇರಿಗೆ ಯಾರು ಯಾರಿಗೆ ಸಂಭಾವನೆ ಕೊಟ್ಟರೆಂದು ಬರೆದಿಟ್ಟ ಪಟ್ಟಿ ನೆರವಿಗೆ ಬಂತು: 14 ವಯೊಲಿನ್, 6 ವಯೋಲ, 3 ಚೆಲೊ, 2 ಡಬಲ್ ಬಾಸ್, 4 ಓಬೊ, 4 ಬಸೂನ್, 2 ಕೊಂಬು, 2 ತುತ್ತೂರಿ, ನಗಾರಿ, ವೃಂದದಲ್ಲಿ ಇಪ್ಪತ್ತಕ್ಕೂ ಕಡಿಮೆ ಮಂದಿ. 1980ರಲ್ಲಿ ಹೊರಬಂದ ತನ್ನ ಧ್ವನಿಮುದ್ರಣವನ್ನು ಕ್ರಿಸ್ಟೊಫರ್ ಹಾಗ್‌ವುಡ್ ಈ ಪಟ್ಟಿಯನ್ನು ಮುಂದಿಟ್ಟುಕೊಂಡೇ ಮಾಡಿದ. ಈಗ ‘ಮೆಸಾಯಾ’ ನುಡಿಸಲು ಹೊರಟ ಪ್ರತಿ ಸಣ್ಣ ಆರ್ಕೆಸ್ಟ್ರಾದ ನಿರ್ದೇಶಕನೂ ಮೊದಲು ತೀರ್ಮಾನಿಸಬೇಕಾದದ್ದು ಯಾವ ವರ್ಷದ ಪಾಠ ಹಿಡಿಯುವುದು, ಗ್ವಾದಾಗ್ನಿಯ ಹಾಡನ್ನು ಯಾರಿಗೆ ಕೊಡುವುದು ಎಂದು. ಅದಕ್ಕೆ ಉತ್ತರ ಬಹುಮಟ್ಟಿಗೆ ಆ ಸಲ ಯಾವ ಅತಿಥಿ ಗಾಯಕರು ಸಿಗುತ್ತಾರೆ ಎನ್ನುವುದರ ಮೇಲೇ ನಿಂತಿರುತ್ತದೆ.