ವಾರ್ಡಿಲ್ಲದ ಊರಿನ ಉದ್ದನೆಯ ಮತಪತ್ರ

2018ರ ಅಕ್ಟೋಬರ್ 20, ಶನಿವಾರ. ವ್ಯಾಂಕೂವರ್ ನಗರದ ಮತಗಟ್ಟೆಗಳಲ್ಲಿ ಮತದಾರರ ಕೈಗೆ ಸಿಕ್ಕ ಹಾಳೆಯಲ್ಲಿ 158 ಹೆಸರುಗಳಿದ್ದವು. ಮೇಯರ್ ಸ್ಥಾನಕ್ಕೆ 21 ಮಂದಿ. ಹತ್ತು ಕೌನ್ಸಿಲರ್ ಸ್ಥಾನಗಳಿಗೆ 71. ಏಳು ಜನರ ಉದ್ಯಾನ ಮಂಡಳಿಗೆ 33, ಒಂಬತ್ತು ಜನರ ಶಾಲಾ ಮಂಡಳಿಗೆ ಇನ್ನೊಂದು 33. ಒಬ್ಬ ಮತದಾರ ತನ್ನ ಹಕ್ಕನ್ನು ಪೂರ್ತಿ ಬಳಸಬೇಕೆಂದರೆ ಇಪ್ಪತ್ತೇಳು ಹೆಸರುಗಳ ಪಕ್ಕ ಗುರುತು ಹಾಕಬೇಕಿತ್ತು. ಅದು ಮುಗಿದ ಮೇಲೆ, ರಸ್ತೆ, ಕಟ್ಟಡ, ಉದ್ಯಾನಗಳಿಗಾಗಿ ನಗರ ಸಾಲ ಎತ್ತಬಹುದೇ ಎಂಬ ಮೂರು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎನ್ನಬೇಕಿತ್ತು.

ಇಷ್ಟು ಹೆಸರುಗಳನ್ನು ನೆನಪಿಟ್ಟುಕೊಂಡು ಬರುವುದು ಯಾರಿಂದಲೂ ಆಗದ ಮಾತು. ಹಾಗಾಗಿ ಮನೆಯಲ್ಲೇ ಕೂತು ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬರುವುದು ಇಲ್ಲಿನ ರೂಢಿ. ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಪೆನ್ನು. ಕಣ್ಣು ಸಾಲಿನಿಂದ ಸಾಲಿಗೆ ಓಡುತ್ತದೆ, ಬೇಕಾದ ಹೆಸರು ಸಿಕ್ಕ ಕೂಡಲೇ ಅದರ ಪಕ್ಕದ ಸಣ್ಣ ಅಂಡಾಕಾರವನ್ನು ತುಂಬಬೇಕು. ಹತ್ತರ ಬದಲು ಹನ್ನೊಂದು ಕೌನ್ಸಿಲರ್‌ಗಳಿಗೆ ಗುರುತು ಹಾಕಿದರೆ ಆ ಭಾಗದ ಮತವೇ ವ್ಯರ್ಥ. ಕೊನೆಗೆ ಹಾಳೆಯನ್ನು ಎಣಿಕೆ ಯಂತ್ರದ ಬಾಯಿಗೆ ಕೊಟ್ಟರೆ ಮುಗಿಯಿತು.

ಆ ವರ್ಷ ಚೀಟಿ ತಂದವರಿಗೂ ಒಂದು ಹೊಸ ತೊಡಕು ಕಾದಿತ್ತು. ಹೆಸರುಗಳು ಅಕ್ಷರಾನುಕ್ರಮದಲ್ಲಿ ಇರಲಿಲ್ಲ. ಚೀಟಿ ಎತ್ತಿ, ಬಂದ ಕ್ರಮದಲ್ಲಿ ಹೆಸರುಗಳನ್ನು ಅಚ್ಚು ಹಾಕಿದ್ದರು. ಕಾರಣ ತಿಳಿಯಬೇಕೆಂದರೆ ಹಿಂದಿನ ಕೌನ್ಸಿಲಿನ ಪಟ್ಟಿ ನೋಡಿದರೆ ಸಾಕು. 2014ರಲ್ಲಿ ಗೆದ್ದ ಹತ್ತು ಜನರಲ್ಲಿ ಆಫ್ಲೆಕ್, ಬಾಲ್, ಕಾರ್, ಡೀಲ್, ಡಿ ಜೆನೋವಾ, ಈ ಐವರ ಮನೆತನದ ಹೆಸರುಗಳು ಇಂಗ್ಲಿಷ್ ವರ್ಣಮಾಲೆಯ ಮೊದಲ ನಾಲ್ಕು ಅಕ್ಷರಗಳಿಂದಲೇ ಶುರುವಾಗುತ್ತವೆ. ಅವರು ಅರ್ಹರಲ್ಲ ಎಂದಲ್ಲ. ಆದರೆ ಉದ್ದನೆಯ ಪಟ್ಟಿಯಲ್ಲಿ ಮೇಲಿರುವವರಿಗೆ ಒಂದಿಷ್ಟು ಅನುಕೂಲ ಇದ್ದೇ ಇರುತ್ತದೆ. ವಾಂಗ್, ಯೀ, ಝೌ ಎಂಬ ಹೆಸರಿನವರ ಸರದಿ ಬರುವ ಹೊತ್ತಿಗೆ ಮತದಾರ ದಣಿದಿರುತ್ತಾನೆ. ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರಲ್ಲದ, ಚೀನೀ ಮೂಲದವರೇ ಕಾಲುಭಾಗಕ್ಕೂ ಮಿಕ್ಕಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ವ್ಯಾಂಕೂವರ್ ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ಬುರಾರ್ಡ್ ಎಂಬ ಕಡಲ ಒಳಚಾಚಿನ ದಂಡೆಗೆ ಹಬ್ಬಿಕೊಂಡ ಊರು. ಉತ್ತರಕ್ಕೆ ಹಿಮ ಹೊದ್ದ ಬೆಟ್ಟಗಳು, ದಕ್ಷಿಣಕ್ಕೆ ಫ್ರೇಸರ್ ನದಿ. ಸುಮಾರು 115 ಚದರ ಕಿಲೋಮೀಟರ್ ನೆಲದಲ್ಲಿ, 2021ರ ಜನಗಣತಿಯ ಪ್ರಕಾರ, 6,62,248 ಜನ. ಇದು ಮಸ್ಕ್ವಿಯಮ್, ಸ್ಕ್ವಾಮಿಶ್, ಸ್ಲೇ-ವಾಟುತ್ ಮೂಲನಿವಾಸಿಗಳು ಯಾರಿಗೂ ಬರೆದುಕೊಡದ ನೆಲ ಎಂದು ನಗರ ಕೌನ್ಸಿಲೇ ಒಪ್ಪಿಕೊಂಡಿದೆ. ಊರಿನವರ ಮಾತಿನಲ್ಲಿ ನಗರಕ್ಕೆ ಎರಡು ಭಾಗ: ಹಣವಂತರ ಪಶ್ಚಿಮ, ದುಡಿಯುವವರ ಪೂರ್ವ. ನಡುವಿನ ಗೆರೆ ಮೇನ್ ಸ್ಟ್ರೀಟ್. ಈ ಊರಿನ ರಾಜಕೀಯ ತಿಳಿಯಲು ಆ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಊರು ಹುಟ್ಟಿದ್ದೇ ಚುನಾವಣೆಯ ಜಗಳದೊಂದಿಗೆ. 1886ರ ಏಪ್ರಿಲ್‌ನಲ್ಲಿ ನಗರವೆಂಬ ಮಾನ್ಯತೆ ಸಿಕ್ಕಿತು, ಮೇ ತಿಂಗಳಲ್ಲಿ ಮೊದಲ ಮೇಯರ್ ಚುನಾವಣೆ ನಡೆಯಿತು. ಒಂದು ಕಡೆ ಹೇಸ್ಟಿಂಗ್ಸ್ ಮಿಲ್ ಎಂಬ ಮರದ ಕಾರ್ಖಾನೆಯ ವ್ಯವಸ್ಥಾಪಕ ರಿಚರ್ಡ್ ಅಲೆಕ್ಸಾಂಡರ್, ಇನ್ನೊಂದು ಕಡೆ ಊರಿಗೆ ಹೊಸದಾಗಿ ಬಂದಿದ್ದ ಮಾಲ್ಕಮ್ ಮೆಕ್ಲೀನ್. ಅಲೆಕ್ಸಾಂಡರ್ ಕಡೆಯವರು ಮಿಲ್ಲಿನ ಚೀನೀ ಕೂಲಿಗಳನ್ನು ಮತ ಹಾಕಿಸಲು ಕರೆತಂದಾಗ ಎದುರಾಳಿ ಗುಂಪು ಅವರನ್ನು ಅಟ್ಟಿ ಓಡಿಸಿತು. ಮೆಕ್ಲೀನ್ 242, ಅಲೆಕ್ಸಾಂಡರ್ 225. ಹದಿನೇಳು ಮತಗಳ ಗೆಲುವು. ಮುಂದಿನ ತಿಂಗಳೇ ಬೆಂಕಿ ಬಿದ್ದು ಇಡೀ ಊರು ಸುಟ್ಟು ಬೂದಿಯಾಯಿತು. ಸುಟ್ಟ ನೆಲದಲ್ಲಿ ಡೇರೆ ಹಾಕಿ ‘ಸಿಟಿ ಹಾಲ್’ ಎಂದು ಹಲಗೆ ಬರೆದು ಕೂತ ಆ ಕೌನ್ಸಿಲಿನ ಫೋಟೊ ಇಂದಿಗೂ ಪ್ರಸಿದ್ಧ.

ಆ ಫೋಟೊದಲ್ಲಿ ಯಾರಿಲ್ಲ ಎಂಬುದೂ ಅಷ್ಟೇ ಮುಖ್ಯ. ನಗರವನ್ನು ಹುಟ್ಟಿಸಿದ ಕಾನೂನೇ ಚೀನೀಯರಿಗೂ ಮೂಲನಿವಾಸಿಗಳಿಗೂ ಮತವಿಲ್ಲ ಎಂದಿತ್ತು. 1907ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಭಾರತೀಯರ ಮತವನ್ನೂ ಕಿತ್ತುಕೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚೀನೀಯರ ಮತ್ತು ಜಪಾನೀಯರ ಬೀದಿಗಳ ಮೇಲೆ ಗುಂಪು ದಾಳಿ ನಡೆಯಿತು. 1914ರಲ್ಲಿ ಕೊಮಗಾಟ ಮಾರು ಹಡಗು 376 ಪ್ರಯಾಣಿಕರೊಂದಿಗೆ ಬಂದು ಇದೇ ಬುರಾರ್ಡ್ ನೀರಿನಲ್ಲಿ ಎರಡು ತಿಂಗಳು ನಿಂತಾಗ, ಅವರು ಇಳಿಯಕೂಡದೆಂದು ಸಭೆ ಕರೆದವರಲ್ಲಿ ಆಗಿನ ಮೇಯರ್ ಟ್ರೂಮನ್ ಬ್ಯಾಕ್ಸ್‌ಟರ್ ಕೂಡ ಇದ್ದರು. ಚೀನೀ ಮತ್ತು ಭಾರತೀಯ ಮೂಲದವರಿಗೆ ಪ್ರಾಂತ್ಯದ ಮತದಾನದ ಹಕ್ಕು ದೊರೆತದ್ದು 1947ರಲ್ಲಿ, ಜಪಾನೀ ಮೂಲದವರಿಗೆ 1949ರಲ್ಲಿ. ಚೀನೀ ಸಮುದಾಯದ ಕ್ಷಮೆಯನ್ನು ನಗರ ಕೇಳಿದ್ದು 2018ರಲ್ಲಿ. ಕೊಮಗಾಟ ಮಾರುವಿನ ವಿಷಯದಲ್ಲಿ 2021ರವರೆಗೂ ಕಾಯಬೇಕಾಯಿತು. ಒಂದು ನೂರು ವರ್ಷ ಮೀರಿದ ಕ್ಷಮೆ, ಆದರೂ ಕೇಳಿದ್ದು ಸರಿ.

ಹಕ್ಕು ಸಿಕ್ಕಿದರೆ ಸಾಲದು, ಮತಕ್ಕೆ ಬೆಲೆಯೂ ಬೇಕು. ಅದನ್ನು ನಿರ್ಧರಿಸುವುದು ಚುನಾವಣೆಯ ಕಟ್ಟು. ವ್ಯಾಂಕೂವರ್‌ನಲ್ಲಿ ಮೊದಲು ವಾರ್ಡುಗಳಿದ್ದವು. 1935ರಲ್ಲಿ ಜನಮತ ಪಡೆದು ಅವನ್ನು ರದ್ದು ಮಾಡಿದರು. 1936ರಿಂದ ಇಡೀ ನಗರವೇ ಒಂದು ಕ್ಷೇತ್ರ. ಪ್ರತಿಯೊಬ್ಬ ಮತದಾರನೂ ಎಲ್ಲ ಕೌನ್ಸಿಲರ್‌ಗಳನ್ನು ಆರಿಸುತ್ತಾನೆ, ಯಾವ ಕೌನ್ಸಿಲರೂ ಯಾವ ಕೇರಿಗೂ ಸೇರಿದವರಲ್ಲ. ಮರುವರ್ಷ ಎಡಪಂಥೀಯರನ್ನು ತಡೆಯಲು ವ್ಯಾಪಾರಸ್ಥರ ಬೆಂಬಲದಿಂದ ಎನ್‌ಪಿಎ ಎಂಬ ಸ್ಥಳೀಯ ಪಕ್ಷ ಹುಟ್ಟಿತು. ಅಲ್ಲಿಂದ ಮುಂದೆ ದಶಕಗಟ್ಟಲೆ ಅದರದೇ ಕಾರುಬಾರು. ಪಶ್ಚಿಮದ ಬಡಾವಣೆಗಳವರು ಹೆಚ್ಚು ಸಂಖ್ಯೆಯಲ್ಲಿ ಬಂದು ಮತ ಹಾಕುತ್ತಿದ್ದರು, ಗೆದ್ದವರಲ್ಲೂ ಆ ಕಡೆಯವರೇ ಹೆಚ್ಚು.

ಇದರ ಪರಿಣಾಮ ಎಂಥದೆಂದು ನೋಡಬೇಕಾದರೆ ಪೂರ್ವದ ಸ್ಟ್ರಾಥ್‌ಕೋನಾಕ್ಕೆ ಹೋಗಬೇಕು. ಚೈನಾಟೌನಿಗೆ ಅಂಟಿಕೊಂಡ ಹಳೆಯ ಮರದ ಮನೆಗಳ ಕೇರಿ ಅದು. 1950ರ ದಶಕದ ಕೊನೆಯಿಂದ ನಗರಾಡಳಿತ ಅದನ್ನು ಕೊಳೆಗೇರಿ ಎಂದು ಕರೆದು ಬೀದಿ ಬೀದಿಯಾಗಿ ಕೆಡವತೊಡಗಿತು. 1967ರಲ್ಲಿ ಚೈನಾಟೌನಿನ ನಡುವೆಯೇ ಹೆದ್ದಾರಿ ಎಳೆಯುವ ಯೋಜನೆ ಬಂತು. ಊರಿನ ಕಪ್ಪು ಜನರ ಒಂದೇ ನೆಲೆಯಾಗಿದ್ದ ಹೋಗನ್ಸ್ ಆ್ಯಲಿ ಹೆದ್ದಾರಿಯ ಮೇಲ್ಸೇತುವೆಗಳಿಗೆ ಬಲಿಯಾಯಿತು. ತಮ್ಮ ಕೇರಿಯಿಂದ ಒಬ್ಬ ಪ್ರತಿನಿಧಿಯೂ ಇಲ್ಲದ ಜನ 1968ರಲ್ಲಿ ಮನೆಯೊಡೆಯರ ಮತ್ತು ಬಾಡಿಗೆದಾರರ ಸಂಘ ಕಟ್ಟಿದರು. ಚೀನೀ ಕುಟುಂಬಗಳ ಹೆಂಗಸರು ಮನೆಮನೆಗೆ ಹೋಗಿ ಸದಸ್ಯರನ್ನು ಸೇರಿಸಿದರು. ನೆಲಸಮ ನಿಂತಿತು, ಹೆದ್ದಾರಿಯೂ ಬರಲಿಲ್ಲ. ಹೃದಯಭಾಗವನ್ನು ಸೀಳಿ ಹೋಗುವ ಹೆದ್ದಾರಿ ಇಲ್ಲದ ದೊಡ್ಡ ನಗರವೆಂದು ವ್ಯಾಂಕೂವರ್ ಇಂದು ಹೊಗಳಿಸಿಕೊಳ್ಳುವುದು ಅವರ ದಯೆಯಿಂದ.

ಆ ಹೋರಾಟದ ಅಲೆಯ ಮೇಲೆ 1972ರಲ್ಲಿ ಟೀಮ್ ಎಂಬ ಹೊಸ ಪಕ್ಷ ಆರ್ಟ್ ಫಿಲಿಪ್ಸ್ ನಾಯಕತ್ವದಲ್ಲಿ ಅಧಿಕಾರ ಹಿಡಿಯಿತು. ಅದರ ಪಟ್ಟಿಯಲ್ಲಿ ಗೆದ್ದವರಲ್ಲಿ ಒಬ್ಬರು ವಿ. ಸೆಟ್ಟಿ ಪೆಂಡಾಕೂರ್. ಭಾರತದಿಂದ ಬಂದು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆ ಕಲಿಸುತ್ತಿದ್ದವರು, ಹೆದ್ದಾರಿ ವಿವಾದದ ಬಗ್ಗೆಯೇ ಪುಸ್ತಕ ಬರೆದವರು. ವ್ಯಾಂಕೂವರ್ ಕೌನ್ಸಿಲಿಗೆ ಆರಿಸಿಬಂದ ಮೊದಲ ದಕ್ಷಿಣ ಏಷ್ಯಾ ಮೂಲದ ಸದಸ್ಯ ಅವರೇ. ಚೀನೀ ಮೂಲದ ಬಿಲ್ ಯೀ ಕೌನ್ಸಿಲರ್ ಆಗಲು ಇನ್ನೂ ಹತ್ತು ವರ್ಷ ಬೇಕಾಯಿತು.

ವಾರ್ಡುಗಳನ್ನು ಮರಳಿ ತರಬೇಕೆಂಬ ಕೂಗು ಮಾತ್ರ ಅಡಗಲಿಲ್ಲ. 1978ರಲ್ಲಿ, 1982ರಲ್ಲಿ ಜನ ಬಹುಮತದಿಂದ ಹೌದೆಂದರು. ಆದರೆ ನಗರದ ಸಂವಿಧಾನದಂತಿರುವ ವ್ಯಾಂಕೂವರ್ ಚಾರ್ಟರ್ ಪ್ರಾಂತ್ಯದ ಕೈಯಲ್ಲಿದೆ, ಬದಲಾವಣೆ ಬರಲಿಲ್ಲ. 1988ರಲ್ಲಿ ಮತ್ತೆ ಅರ್ಧಕ್ಕಿಂತ ಹೆಚ್ಚು ಜನ ಹೌದೆಂದರೂ ಶೇ. 60 ಬೇಕೆಂಬ ನಿಯಮ ಅಡ್ಡ ಬಂತು. ಕೊನೆಗೆ 2004ರಲ್ಲಿ, ನ್ಯಾಯವಾದಿ ಥಾಮಸ್ ಬರ್ಗರ್ ಊರೆಲ್ಲ ಅಹವಾಲು ಕೇಳಿ ವಾರ್ಡುಗಳೇ ಲೇಸೆಂದು ವರದಿ ಕೊಟ್ಟ ಮೇಲೆ ನಡೆದ ಜನಮತದಲ್ಲಿ ಶೇ. 54 ಮಂದಿ ಬೇಡವೆಂದರು. ಸಿಕ್ಕಬೇಕಾದಾಗ ಸಿಗದ ನ್ಯಾಯ ಕೈಗೆಟುಕುವ ಹೊತ್ತಿಗೆ ಜನರ ಆಸಕ್ತಿಯೇ ಆರಿತ್ತು. ಮನೆ ಮುಂದಿನ ಚರಂಡಿ ಕಟ್ಟಿಕೊಂಡರೆ ಯಾವ ಕೌನ್ಸಿಲರ್‌ಗೆ ಹೇಳಬೇಕು ಎಂಬ ಪ್ರಶ್ನೆಗೆ ಇವತ್ತಿಗೂ ಇಲ್ಲಿ ಉತ್ತರ ಒಂದೇ: ಹತ್ತೂ ಜನರಿಗೆ.

ಮತಪತ್ರದ ತಳಭಾಗದ ಹೆಸರುಗಳಿಗೆ ಬರೋಣ. ಮೇಯರ್ ಯಾರೆಂದು ಊರೆಲ್ಲ ಮಾತಾಡುತ್ತದೆ. ಶಾಲಾ ಟ್ರಸ್ಟಿಗಳ ಹೆಸರು ಹೇಳಬಲ್ಲವರು ವಿರಳ. ಆದರೆ ಮಗು ನಡೆದು ಹೋಗುವ ಶಾಲೆ ಮುಂದಿನ ವರ್ಷವೂ ತೆರೆದಿರುತ್ತದೆಯೇ ಎಂಬ ಚರ್ಚೆ ನಡೆಯುವುದು ಈ ಒಂಬತ್ತು ಜನರ ಮೇಜಿನ ಸುತ್ತ. ಹಣ ಕೊಡುವುದು ಪ್ರಾಂತ್ಯ ಸರ್ಕಾರ, ಪೋಷಕರ ಸಿಟ್ಟಿಗೆ ಉತ್ತರ ಕೊಡುವವರು ಟ್ರಸ್ಟಿಗಳು. 2016ರಲ್ಲಿ ಈ ಇಕ್ಕಟ್ಟು ಸ್ಫೋಟಿಸಿತು. ಮಕ್ಕಳು ಕಡಿಮೆಯಾದ ಶಾಲೆಗಳನ್ನು ಮುಚ್ಚಬೇಕೆಂಬ ಒತ್ತಡ ಒಂದು ಕಡೆ, ಭೂಕಂಪ ತಡೆಯುವಂತೆ ಹಳೆಯ ಕಟ್ಟಡಗಳನ್ನು ಬಲಪಡಿಸುವ ಖರ್ಚು ಇನ್ನೊಂದು ಕಡೆ. ಮಂಡಳಿಯ ಬಹುಮತದವರು ಕೊರತೆ ಸರಿದೂಗಿಸುವ ಬಜೆಟ್ಟಿಗೆ ಒಪ್ಪಲಿಲ್ಲ. ಕಾನೂನು ಮುರಿದಿರೆಂದು ಅಕ್ಟೋಬರ್ 17ರಂದು ಶಿಕ್ಷಣ ಸಚಿವ ಮೈಕ್ ಬರ್ನಿಯರ್ ಒಂಬತ್ತೂ ಜನರನ್ನು ಒಂದೇ ಏಟಿಗೆ ವಜಾ ಮಾಡಿದರು. ಒಂದು ವರ್ಷ ಸರ್ಕಾರ ನೇಮಿಸಿದ ಒಬ್ಬರೇ ಅಧಿಕಾರಿ ಇಡೀ ಊರಿನ ಸರ್ಕಾರಿ ಶಾಲೆಗಳನ್ನು ನಡೆಸಿದರು. 2017ರ ಅಕ್ಟೋಬರ್‌ನಲ್ಲಿ ಉಪಚುನಾವಣೆ ನಡೆದು, ವಜಾಗೊಂಡವರಲ್ಲೇ ಕೆಲವರು ಗೆದ್ದು ಬಂದರು. ಅವರಲ್ಲಿ ಒಬ್ಬರಾದ ಗ್ರೀನ್ ಪಕ್ಷದ ಜಾನೆಟ್ ಫ್ರೇಸರ್ ಅಧ್ಯಕ್ಷೆಯಾದರು.

ಟ್ರಸ್ಟಿಗಳ ಮತಕ್ಕೆ ಇನ್ನೊಂದು ವಿಶೇಷವಿದೆ. ಊರಿನ ಪಶ್ಚಿಮ ತುದಿಯ ವಿಶ್ವವಿದ್ಯಾಲಯದ ಆವರಣ ನಗರದ ಗಡಿಯ ಆಚೆಗಿದೆ. ಅಲ್ಲಿನ ನಿವಾಸಿಗಳು ವ್ಯಾಂಕೂವರ್ ಮೇಯರನ್ನು ಆರಿಸುವಂತಿಲ್ಲ, ಶಾಲಾ ಟ್ರಸ್ಟಿಗಳನ್ನು ಮಾತ್ರ ಆರಿಸಬಹುದು. ಊರಿನ ಒಳಗೇ ಇದ್ದು ತೆರಿಗೆ ಕಟ್ಟುವ, ಮಕ್ಕಳನ್ನು ಅದೇ ಶಾಲೆಗೆ ಕಳಿಸುವ ಕಾಯಂ ನಿವಾಸಿಗಳಿಗೆ, ಪೌರತ್ವ ಇನ್ನೂ ಬರದ ಕಾರಣಕ್ಕೆ, ಅದೂ ಇಲ್ಲ. ಅವರಿಗೂ ಮತ ಕೊಡಿ ಎಂದು ನಗರ ಕೌನ್ಸಿಲ್ 2018ರಲ್ಲಿ ಪ್ರಾಂತ್ಯವನ್ನು ಕೇಳಿಕೊಂಡಿತ್ತು. ಇದೇ ವೇಳೆ, ಬೇರೆ ಊರಿನಲ್ಲಿ ವಾಸವಿದ್ದು ಇಲ್ಲಿ ಆಸ್ತಿ ಹೊಂದಿರುವ ಪ್ರಾಂತ್ಯದ ನಾಗರಿಕನಿಗೆ ಮತವಿದೆ. ಮಣ್ಣಿಗೆ ಕೊಟ್ಟ ಮಾನ ಮನುಷ್ಯನಿಗೆ ಕೊಟ್ಟಂತಾಗಲಿಲ್ಲ.

ಉದ್ಯಾನ ಮಂಡಳಿಯದು ಬೇರೆ ಊರುಗಳಲ್ಲಿ ಅಪರೂಪಕ್ಕೆ ಕಾಣುವ ಸಂಗತಿ. ಸ್ಟ್ಯಾನ್ಲಿ ಪಾರ್ಕ್ ಎಂಬ ದೊಡ್ಡ ಕಾಡನ್ನು ನೋಡಿಕೊಳ್ಳಲು ಹುಟ್ಟಿದ ಆ ಮಂಡಳಿ ಇಂದಿಗೂ ಚುನಾಯಿತ. ಅದನ್ನು ರದ್ದು ಮಾಡಬೇಕೆಂದು ಮೇಯರ್ ಕೆನ್ ಸಿಮ್ 2023ರ ಡಿಸೆಂಬರ್‌ನಲ್ಲಿ ಹೊರಟಾಗ ಅವರದೇ ಪಕ್ಷದ ಮೂವರು ಸದಸ್ಯರು ಸಿಡಿದು ಸ್ವತಂತ್ರರಾದರು.

ಈ ಕೆನ್ ಸಿಮ್ 2018ರಲ್ಲಿ ಕೇವಲ 957 ಮತಗಳಿಂದ ಕೆನಡಿ ಸ್ಟುವರ್ಟ್ ಎದುರು ಸೋತಿದ್ದವರು. ಅಂದು ಹೆಸರುಗಳ ಕ್ರಮ ಬದಲಾಯಿಸಿಯೂ ಚೀನೀ ಸಮುದಾಯದ ಅಭ್ಯರ್ಥಿಗಳಲ್ಲಿ ಒಬ್ಬರೂ ಕೌನ್ಸಿಲ್ ಸೇರಲಿಲ್ಲ. ಹತ್ತರಲ್ಲಿ ಎಂಟು ಮಂದಿ ಮಹಿಳೆಯರು ಗೆದ್ದದ್ದು ಆ ವರ್ಷದ ಬೆಳಕಿನ ಸುದ್ದಿ. 2022ರಲ್ಲಿ ಸಿಮ್ 85,732 ಮತ ಪಡೆದು ಸ್ಟುವರ್ಟ್ ಅವರನ್ನು ದೂರ ತಳ್ಳಿದರು. ಅವರ ಎಬಿಸಿ ಪಕ್ಷ ಕಣಕ್ಕಿಳಿಸಿದ ಏಳೂ ಕೌನ್ಸಿಲರ್ ಅಭ್ಯರ್ಥಿಗಳು, ಆರೂ ಉದ್ಯಾನ ಸದಸ್ಯರು, ಐವರೂ ಟ್ರಸ್ಟಿಗಳು ಗೆದ್ದರು. ವಾರ್ಡಿಲ್ಲದ ಚುನಾವಣೆಯಲ್ಲಿ ಗಾಳಿ ಒಂದು ಕಡೆ ಬೀಸಿದರೆ ಹೀಗೆ ಕಣಜವೇ ತುಂಬುತ್ತದೆ. ಚೀನೀ ಕೂಲಿಗಳನ್ನು ಮತಗಟ್ಟೆಯಿಂದ ಅಟ್ಟಿದ 136 ವರ್ಷಗಳ ನಂತರ ಊರಿಗೆ ಮೊದಲ ಚೀನೀ ಮೂಲದ ಮೇಯರ್ ಸಿಕ್ಕಿದರು. ಅದೇ ಚುನಾವಣೆಯಲ್ಲಿ 15 ಅಭ್ಯರ್ಥಿಗಳು ಮತಪತ್ರದಲ್ಲಿ ತಮ್ಮ ಹೆಸರನ್ನು ಚೀನೀ ಅಥವಾ ಪರ್ಷಿಯನ್ ಲಿಪಿಯಲ್ಲೂ ಅಚ್ಚು ಹಾಕಲು ಕೇಳಿದರು. ಚುನಾವಣಾಧಿಕಾರಿ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ಅಭ್ಯರ್ಥಿಗಳ ಪರ ನಿಂತಿತು, ಹೆಸರುಗಳು ಅಚ್ಚಾದವು.

ಇಷ್ಟೆಲ್ಲ ಇದ್ದೂ ಆ ದಿನ ಮತ ಹಾಕಿದವರು ಶೇ. 36ರ ಆಸುಪಾಸು. ಇಲ್ಲಿ ಜನರಿಗೆ ನಗರ ಚುನಾವಣೆಯ ಆಸಕ್ತಿಯೇ ಇಲ್ಲ ಎಂದು ಹೇಳುವವರು 2025ರ ಏಪ್ರಿಲ್ 5ನ್ನು ನೆನೆಯಬೇಕು. ಎರಡೇ ಎರಡು ಕೌನ್ಸಿಲರ್ ಸ್ಥಾನಗಳ ಉಪಚುನಾವಣೆ. ಜನ ಬರಲಾರರೆಂದು ಅಂದಾಜಿಸಿ ಊರಿಗೆಲ್ಲ 25 ಮತಗಟ್ಟೆಗಳನ್ನಷ್ಟೇ ತೆರೆದಿದ್ದರು. ಜನ ಬಂದರು. ಸಾಲು ಕಟ್ಟಡದಿಂದ ಹೊರಬಂದು ಬೀದಿಯುದ್ದಕ್ಕೂ ಬೆಳೆಯಿತು. ಹಲವರು ಗಂಟೆಗಟ್ಟಲೆ ನಿಂತರು. ರಾತ್ರಿ ಎಂಟಕ್ಕೆ ಸಮಯ ಮುಗಿದ ಮೇಲೂ ಸಾಲಿನಲ್ಲಿದ್ದವರಿಗೆ ಅವಕಾಶ ಕೊಡಬೇಕಾಯಿತು. ಗೆದ್ದವರು ಮೇಯರ್ ಪಕ್ಷದವರಲ್ಲ: ಕೋಪ್ ಪಕ್ಷದ ಶಾನ್ ಓರ್, ಒನ್‌ಸಿಟಿಯ ಲೂಸಿ ಮಲೋನಿ. ಮುಂದಿನ ಪೂರ್ಣ ಚುನಾವಣೆಗೆ ಕಾನೂನು ಗೊತ್ತುಮಾಡಿದ ದಿನ 2026ರ ಅಕ್ಟೋಬರ್ 17. ಅಂದು ಮತ್ತೆ ಅದೇ ಉದ್ದನೆಯ ಹಾಳೆ.